ಆತ್ಮಸಾಕ್ಷಿಗೂ ಒಂದು ಕಲಮು

ಪತ್ರಕರ್ತರ ಸಂಘ ಎಂದರೆ ಈಗ ಹೆಚ್ಚಿನವರ ಕಣ್ಮುಂದೆ ಬರುವುದು ಜುಲೈ ತಿಂಗಳ ಪತ್ರಿಕಾ ದಿನಾಚರಣೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ದ ನೆನಪಿಗೆಂದು ತಿಂಗಳಿಡೀ ಜಿಲ್ಲೆ, ತಾಲ್ಲೂಕುಗಳಲ್ಲಿ ಸಭೆಗಳು ನಡೆಯುತ್ತವೆ, ಹಿರಿಯರಿಗೆ ಶಾಲು ಹಾರ, ಮಕ್ಕಳಿಗೆ ಪ್ರತಿಭಾ ಪುರಸ್ಕಾರ, ಶಾಸಕರ ಭಾಷಣ, ಕೊನೆಗೆ ಪತ್ರಿಕಾ ಭವನಕ್ಕೋ ನಿವೇಶನಕ್ಕೋ ಒಂದು ಮನವಿ. ಇವು ಬೇಡ ಎನ್ನುವವನು ನಾನಲ್ಲ. ಆದರೆ ಬಚಾವತ್ ವೇತನ ಮಂಡಳಿಯ ಮಾತು ಪ್ರತಿ ಡೆಸ್ಕಿನಲ್ಲೂ ಕೇಳಿಬರುತ್ತಿದ್ದ ಎಂಬತ್ತರ ದಶಕದ ಕೊನೆಯಲ್ಲಿ ಈ ವೃತ್ತಿಗೆ ಬಂದ ನನ್ನ ತಲೆಮಾರಿಗೆ ಸಂಘ ಎಂದರೆ ಬೇರೆಯೇ ಒಂದು ಅರ್ಥವಿತ್ತು. ವಾರಕ್ಕೊಂದು ರಜೆ, ರಾತ್ರಿ ಪಾಳಿಗೆ ಕಡಿಮೆ ಗಂಟೆ, ಭವಿಷ್ಯನಿಧಿ, ಗ್ರಾಚ್ಯುಟಿ, ಕೆಲಸದಿಂದ ತೆಗೆಯುವ ಮೊದಲು ತಿಂಗಳುಗಟ್ಟಲೆಯ ನೋಟಿಸು ಇವೆಲ್ಲ ನಾವು ಬರುವ ಹೊತ್ತಿಗೆ ಕಟ್ಟಡದ ಗೋಡೆ, ಮಾಡಿನಂತೆ ಅಲ್ಲೇ ಇದ್ದವು. ಅವನ್ನು ಯಾರೋ ಹೋರಾಡಿ ತಂದಿದ್ದರು ಎಂಬುದು ಅವು ಒಂದೊಂದಾಗಿ ಸಡಿಲವಾಗತೊಡಗಿದ ಮೇಲೆಯೇ ನಮ್ಮಲ್ಲಿ ಅನೇಕರಿಗೆ ಅರಿವಾದದ್ದು. ಆ ಮೂವತ್ತು ನಲವತ್ತು ವರ್ಷಗಳನ್ನು ಈಗ ಹಿಂದಿರುಗಿ ನೋಡುವಾಗ ನನ್ನಲ್ಲಿ ಒಂದು ಮಾತು ಗಟ್ಟಿಯಾಗಿ ನಿಂತಿದೆ. ಭಾರತದ ಪತ್ರಿಕಾ ಸ್ವಾತಂತ್ರ್ಯಕ್ಕೆ ಪತ್ರಕರ್ತರ ರಾಷ್ಟ್ರೀಯ ಒಕ್ಕೂಟ ಮಾಡಿದ ಅತಿ ದೊಡ್ಡ ಉಪಕಾರ ಅದರ ಠರಾವುಗಳಲ್ಲಿಲ್ಲ, ಮೆರವಣಿಗೆಗಳಲ್ಲಿಲ್ಲ. ಬರೆಯುವವನೂ ಕೂಲಿಗೆ ದುಡಿಯುವವನೇ ಎಂದು ಕಾನೂನಿನ ಬಾಯಿಂದ ಹೇಳಿಸಿದ್ದರಲ್ಲಿದೆ.

ಪತ್ರಿಕಾ ಲೋಕದ ಸಂಘಟನೆಗಳು ಹುಟ್ಟಿದ ವರ್ಷಗಳ ಕ್ರಮವನ್ನೇ ನೋಡಿ. ಪತ್ರಿಕೆಗಳ ಮಾಲೀಕರು ತಮ್ಮ ಸಂಘಟನೆಯಾದ ಇಂಡಿಯನ್ ಅಂಡ್ ಈಸ್ಟರ್ನ್ ನ್ಯೂಸ್‌ಪೇಪರ್ ಸೊಸೈಟಿಯನ್ನು ಕಟ್ಟಿಕೊಂಡದ್ದು 1939ರಲ್ಲಿ. ಯುದ್ಧಕಾಲದ ಸೆನ್ಸಾರ್ ಎದುರಿಸಲು ಸಂಪಾದಕರು ‘ದಿ ಹಿಂದೂ’ವಿನ ಕೆ. ಶ್ರೀನಿವಾಸನ್ ಅವರ ಮುಂದಾಳುತನದಲ್ಲಿ ಅಖಿಲ ಭಾರತ ಸಂಪಾದಕರ ಸಮ್ಮೇಳನವನ್ನು ಸ್ಥಾಪಿಸಿದ್ದು 1940ರಲ್ಲಿ. ವರದಿಗಾರರು, ಉಪಸಂಪಾದಕರು, ಕರಡು ತಿದ್ದುವವರು ದೇಶಮಟ್ಟದಲ್ಲಿ ಒಂದಾಗಿ ಭಾರತೀಯ ಕಾರ್ಯನಿರತ ಪತ್ರಕರ್ತರ ಒಕ್ಕೂಟ ಕಟ್ಟಲು 1950ರ ಅಕ್ಟೋಬರ್ ಬರಬೇಕಾಯಿತು. ಪ್ರಾಂತ್ಯ ಪ್ರಾಂತ್ಯಗಳಲ್ಲಿ ಅದಕ್ಕೆ ಮೊದಲೇ ಪ್ರಯತ್ನಗಳು ನಡೆದಿದ್ದವು, ನಮ್ಮಲ್ಲಂತೂ ಸಾಕಷ್ಟು ಮುಂಚೆಯೇ. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಕರ್ನಾಟಕದ ಪತ್ರಿಕಾಕರ್ತರ ಮೊದಲ ಸಮ್ಮೇಳನಕ್ಕೆ ಡಿ.ವಿ. ಗುಂಡಪ್ಪನವರು ಅಧ್ಯಕ್ಷರಾಗಿದ್ದರು, ಇಂದಿನ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ ತನ್ನ ಮೂಲವನ್ನು 1932ಕ್ಕೂ ಡಿವಿಜಿಯವರಿಗೂ ಕೊಂಡೊಯ್ಯುತ್ತದೆ. ಆದರೆ ಆ ಕಾಲದ ಸಂಘಗಳಲ್ಲಿ ಮಾಲೀಕ, ಸಂಪಾದಕ, ವರದಿಗಾರ ಎಂಬ ಭೇದ ಅಷ್ಟಾಗಿ ಇರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ಪತ್ರಿಕೆ ನಡೆಸುವವನೇ ಬರೆಯುತ್ತಿದ್ದ, ಬರೆಯುವವನೇ ಸಾಲ ಮಾಡಿ ಕಾಗದ ತರುತ್ತಿದ್ದ, ಜೈಲಿಗೆ ಹೋಗುವಾಗಲೂ ಅವನೇ ಹೋಗುತ್ತಿದ್ದ. ಸ್ವಾತಂತ್ರ್ಯ ಬಂದ ನಂತರ ಆ ಮೂವರೂ ಬೇರೆ ಬೇರೆಯಾದರು. ಪತ್ರಿಕೆ ಬಂಡವಾಳ ಬೇಡುವ ಉದ್ಯಮವಾಯಿತು. ಒಬ್ಬನ ಸ್ವಾತಂತ್ರ್ಯ ಮತ್ತೊಬ್ಬನ ಸ್ವಾತಂತ್ರ್ಯವೇ ಎಂದು ಹೇಳುವಂತಿರಲಿಲ್ಲ. 1950ರಲ್ಲಿ ಒಕ್ಕೂಟ ಕಟ್ಟಿದವರು ಮೊದಲು ಕಂಡುಕೊಂಡದ್ದು ಇದನ್ನೇ.

ಒಕ್ಕೂಟದ ಮೊದಲ ಅಧ್ಯಕ್ಷರು ‘ನ್ಯಾಷನಲ್ ಹೆರಾಲ್ಡ್’ ಸಂಪಾದಕ ಎಂ. ಚಲಪತಿ ರಾವ್. ಸಂಪಾದಕರಾಗಿಯೂ ಡೆಸ್ಕಿನವರ ಪಕ್ಕದಲ್ಲಿ ನಿಂತ ವ್ಯಕ್ತಿ. 1952ರಲ್ಲಿ ನ್ಯಾಯಮೂರ್ತಿ ಜಿ.ಎಸ್. ರಾಜಾಧ್ಯಕ್ಷರ ನೇತೃತ್ವದಲ್ಲಿ ಮೊದಲ ಪತ್ರಿಕಾ ಆಯೋಗ ರಚನೆಯಾದಾಗ ಅವರು ಅದರ ಸದಸ್ಯರೂ ಆದರು. ಆಚಾರ್ಯ ನರೇಂದ್ರ ದೇವ, ಝಾಕಿರ್ ಹುಸೇನ್, ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್ ಅವರಂಥವರು ಜೊತೆಗಿದ್ದರು. ಆಯೋಗ 1954ರಲ್ಲಿ ವರದಿ ಕೊಟ್ಟಾಗ ಇಡೀ ದೇಶದಲ್ಲಿದ್ದದ್ದು ಸುಮಾರು 330 ದಿನಪತ್ರಿಕೆಗಳು, ಎಲ್ಲ ಸೇರಿ ಪ್ರಸಾರ 25 ಲಕ್ಷದಷ್ಟು. ಅಷ್ಟು ಚಿಕ್ಕ ಉದ್ಯಮದ ಒಳಗೆ ಎಷ್ಟು ದೊಡ್ಡ ಅನ್ಯಾಯವಿತ್ತು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಮುದ್ರಣಾಲಯದಲ್ಲಿ ನಿಂತು ಮೊಳೆ ಜೋಡಿಸುವವನನ್ನು ಕೆಲಸದಿಂದ ತೆಗೆದರೆ ಅವನು ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದಿತ್ತು. ಅವನಿಗೆ ಕಾಪಿ ಕೊಟ್ಟ ಉಪಸಂಪಾದಕನನ್ನು ಅದೇ ದಿನ ತೆಗೆದರೆ ಅವನಿಗೆ ಹೋಗಲು ಜಾಗವಿರಲಿಲ್ಲ. ಪತ್ರಕರ್ತ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕೆಲಸಗಾರನಲ್ಲ ಎಂದು ಪಟ್ನಾ ಹೈಕೋರ್ಟ್ ತೀರ್ಪು ಕೊಟ್ಟಿತ್ತು. ಬುದ್ಧಿಜೀವಿ ಎಂಬ ಗೌರವವೇ ಅವನನ್ನು ಕಾನೂನಿನ ಹೊರಗೆ ನಿಲ್ಲಿಸಿತ್ತು. ಒಕ್ಕೂಟದ ಒತ್ತಾಯ, ಆಯೋಗದ ಶಿಫಾರಸು ಎರಡೂ ಸೇರಿ 1955ರ ಡಿಸೆಂಬರಿನಲ್ಲಿ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂತು. ಸಂಪಾದಕನಿಂದ ಹಿಡಿದು ವ್ಯಂಗ್ಯಚಿತ್ರಕಾರ, ಛಾಯಾಗ್ರಾಹಕ, ಕರಡು ತಿದ್ದುವವನವರೆಗೆ ಎಲ್ಲರೂ ಅದರ ವ್ಯಾಖ್ಯೆಯೊಳಗೆ ಬಂದರು. ಕರಡು ತಿದ್ದುವವರನ್ನು ಸೇರಿಸುವುದಕ್ಕೆ ಆಯೋಗವೇ ಹಿಂದೇಟು ಹಾಕಿತ್ತು, ಕಾಯ್ದೆ ಅವರನ್ನೂ ಒಳಗೆ ತಂದಿತು.

ಈ ಕಾಯ್ದೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ಓದಬೇಕು. ಸತತ ನಾಲ್ಕು ವಾರಗಳಲ್ಲಿ 144 ಗಂಟೆಗಿಂತ ಹೆಚ್ಚು ದುಡಿಸಬಾರದು. ಏಳು ದಿನಕ್ಕೊಮ್ಮೆ 24 ಗಂಟೆಗಳ ಬಿಡುವು ಕೊಡಲೇಬೇಕು. 1957ರ ನಿಯಮಗಳ ಪ್ರಕಾರ ಹಗಲು ಪಾಳಿ ಆರು ಗಂಟೆ, ರಾತ್ರಿ ಪಾಳಿ ಐದೂವರೆ. ಡಾಕ್ ಆವೃತ್ತಿಯ ಪುಟ ಬಿಟ್ಟು, ನಗರ ಆವೃತ್ತಿಗೆ ಮುಖಪುಟ ಮತ್ತೆ ಕಟ್ಟಿ, ರಾತ್ರಿ ಎರಡು ಗಂಟೆಗೆ ಮನೆಗೆ ಹೋಗುವವರ ಕಣ್ಣನ್ನೂ ನರಗಳನ್ನೂ ಬಲ್ಲ ಯಾರೋ ಆ ಅರ್ಧ ಗಂಟೆಗಾಗಿ ವಾದಿಸಿರಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಸಂಪಾದಕನನ್ನು ತೆಗೆಯಬೇಕಾದರೆ ಆರು ತಿಂಗಳ ನೋಟಿಸು, ಉಳಿದ ಪತ್ರಕರ್ತರಿಗೆ ಮೂರು ತಿಂಗಳು. ಇವೆಲ್ಲ ಇತರ ಕಾರ್ಮಿಕ ಕಾನೂನುಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಸಿಗುವಂಥವು. ಅವುಗಳಲ್ಲೆಲ್ಲೂ ಸಿಗದ ಮಾತು ಐದನೆಯ ಕಲಮಿನಲ್ಲಿತ್ತು. ಮೂರು ವರ್ಷ ಸೇವೆ ಮುಗಿಸಿದ ಪತ್ರಕರ್ತ ಆತ್ಮಸಾಕ್ಷಿಯ ಕಾರಣಕ್ಕೆ ರಾಜೀನಾಮೆ ಕೊಟ್ಟರೂ ಅವನಿಗೆ ಗ್ರಾಚ್ಯುಟಿ ಸಲ್ಲಬೇಕಿತ್ತು. ಬೇರೆ ಕಾರಣಕ್ಕೆ ತಾನಾಗಿ ಬಿಟ್ಟು ಹೋಗುವುದಾದರೆ ಹತ್ತು ವರ್ಷ ಆಗಿರಬೇಕಿತ್ತು. ಮೂಲ ಕಾಯ್ದೆಯಲ್ಲಿ ಮೂರು ವರ್ಷದ ನಂತರ ಯಾವ ಕಾರಣಕ್ಕೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಎಂದಿತ್ತು. ಅದು ಮಾಲೀಕರ ಮೇಲೆ ಅನ್ಯಾಯದ ಹೊರೆ ಎಂದು 1958ರಲ್ಲಿ ಸುಪ್ರೀಂ ಕೋರ್ಟ್ ಆ ಉಪಕಲಮನ್ನು ರದ್ದು ಮಾಡಿತು. ತಿದ್ದುಪಡಿ ಮಾಡುವಾಗ ಸಂಸತ್ತು ಆತ್ಮಸಾಕ್ಷಿ ಎಂಬ ಕಾರಣವನ್ನು ಮಾತ್ರ ಉಳಿಸಿಕೊಂಡಿತು. ಫ್ರಾನ್ಸಿನಲ್ಲಿ 1935ರ ಕಾನೂನೇ ಇಂಥದ್ದೊಂದನ್ನು ಒಪ್ಪಿತ್ತು. ಪತ್ರಿಕೆಯ ಧೋರಣೆ ತನ್ನ ಗೌರವಕ್ಕೆ ಕುಂದು ತರುವಂತೆ ಬದಲಾದರೆ ಪತ್ರಕರ್ತ ಪರಿಹಾರ ಪಡೆದೇ ಹೊರಬರಬಹುದು. ಪತ್ರಿಕೋದ್ಯಮ ಎಂಥ ಕೆಲಸ ಎಂಬುದನ್ನು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಈ ಒಂದು ಕಲಮು ಹೇಳಿದೆ. ಸಕ್ಕರೆ ಕಾರ್ಖಾನೆಯ ನೌಕರನಿಗೆ ಮಾಲೀಕ ಬದಲಾದರೆ ಸಕ್ಕರೆ ಬದಲಾಗುವುದಿಲ್ಲ. ಪತ್ರಿಕೆಯ ಮಾಲೀಕ ಬದಲಾದರೆ, ಅಥವಾ ಅವನ ಹಿತಾಸಕ್ತಿ ಬದಲಾದರೆ, ನೌಕರ ನಾಳೆ ಬೆಳಗ್ಗೆ ತನ್ನ ಹೆಸರಿನಲ್ಲಿ ಬರೆಯಬೇಕಾದ ವಾಕ್ಯವೇ ಬದಲಾಗುತ್ತದೆ. ಬರೆಯಲಾರೆ ಎಂದು ಹೇಳಬೇಕಾದರೆ ಅವನ ಮನೆಯಲ್ಲಿ ಕೆಲವು ತಿಂಗಳ ಅಕ್ಕಿ ಇರಬೇಕು.

ಮಾಲೀಕರ ಆಕ್ಷೇಪ ಅಂದಿನಿಂದ ಇಂದಿನವರೆಗೆ ಒಂದೇ. ಕಾಯ್ದೆಯಡಿ ಸರ್ಕಾರ ನೇಮಿಸಿದ ವೇತನ ಮಂಡಳಿ ಪತ್ರಿಕೆಗಳ ಸಂಬಳ ನಿಗದಿ ಮಾಡಿದರೆ ಪತ್ರಿಕೆ ಸರ್ಕಾರದ ಹಂಗಿಗೆ ಬೀಳುತ್ತದೆ, ಅದು ಸಂವಿಧಾನದ 19ನೇ ವಿಧಿಗೆ ವಿರುದ್ಧ ಎನ್ನುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾಗದದ ಕೋಟಾ, ಜಾಹೀರಾತಿನ ಕಡಿತ ಮುಂತಾದ ದಾರಿಗಳಲ್ಲಿ ಸರ್ಕಾರಗಳು ಪತ್ರಿಕೆಗಳ ಕತ್ತು ಹಿಚುಕಿದ್ದನ್ನು ಈ ದೇಶ ಕಂಡಿದೆ. ಆದರೆ ನ್ಯಾಯಾಲಯಗಳು ಈ ಎರಡನ್ನು ಬೇರೆ ಬೇರೆಯಾಗಿಯೇ ನೋಡಿವೆ. ಪತ್ರಿಕೆ ಎಷ್ಟು ಪುಟಕ್ಕೆ ಎಷ್ಟು ಬೆಲೆ ಇಡಬೇಕು ಎಂದು ಸರ್ಕಾರ ಹೇಳಲು ಹೊರಟಾಗ ಪುಣೆಯ ‘ಸಕಾಳ್’ ಪತ್ರಿಕೆ ದಾವೆ ಹೂಡಿತು. 1961ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ತಳ್ಳಿಹಾಕಿತು. ಅದೇ ಕೋರ್ಟ್ ಮೂರು ವರ್ಷ ಮೊದಲು, ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಪ್ರಕರಣದಲ್ಲಿ, ಪತ್ರಕರ್ತರ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದಿತ್ತು. ಪುಟಕ್ಕೆ ಮಿತಿ ಹಾಕಿದರೆ ಓದುಗನಿಗೆ ತಲುಪುವ ಸುದ್ದಿ ಕಡಿಮೆಯಾಗುತ್ತದೆ. ಉಪಸಂಪಾದಕನಿಗೆ ವಾರದ ರಜೆ ಕೊಟ್ಟರೆ ಯಾವ ಸುದ್ದಿಯೂ ಕಡಿಮೆಯಾಗುವುದಿಲ್ಲ. ಮಾಲೀಕರ ವಾದ ನಮ್ಮಲ್ಲಿ ಹುಟ್ಟಿದ್ದೂ ಅಲ್ಲ. ಅಮೆರಿಕದಲ್ಲಿ 1933ರಲ್ಲಿ ನ್ಯೂಸ್‌ಪೇಪರ್ ಗಿಲ್ಡ್ ಹುಟ್ಟಿದ ಮೇಲೆ, ಅದರ ಚಟುವಟಿಕೆಯಲ್ಲಿದ್ದ ಮಾರಿಸ್ ವಾಟ್ಸನ್ ಎಂಬ ಸಂಪಾದಕೀಯ ನೌಕರನನ್ನು ಅಸೋಸಿಯೇಟೆಡ್ ಪ್ರೆಸ್ ಕೆಲಸದಿಂದ ತೆಗೆಯಿತು. ಪ್ರಶ್ನಿಸಿದಾಗ ಕಾರ್ಮಿಕ ಕಾನೂನು ತನಗೆ ಅನ್ವಯಿಸಿದರೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದಿತು. 1937ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಲ್ಲಿ, ಪತ್ರಿಕಾ ಸಂಸ್ಥೆ ಎಂದ ಮಾತ್ರಕ್ಕೆ ಸಾಮಾನ್ಯ ಕಾನೂನಿನಿಂದ ವಿನಾಯಿತಿ ಇಲ್ಲ ಎಂದು ತೀರ್ಪಿತ್ತಿತು. ನಮ್ಮ 1958ರ ತೀರ್ಪು ಆ ತೀರ್ಪನ್ನು ಹತ್ತಿರದಿಂದ ಪರಿಶೀಲಿಸಿದೆ.

ಸಣ್ಣ ಪತ್ರಿಕೆಗಳ ಅಳಲು ಬೇರೆ, ಅದು ನಿಜವಾದ ಅಳಲು. ದಿವಾಟಿಯಾ ವೇತನ ಮಂಡಳಿ 1957ರಲ್ಲಿ ನಿಗದಿ ಮಾಡಿದ ಮೊದಲ ವೇತನಶ್ರೇಣಿಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದೂ ಈ ಕಾರಣಕ್ಕೇ: ಪತ್ರಿಕೆಗೆ ಕೊಡುವ ಶಕ್ತಿ ಇದೆಯೇ ಎಂದು ಮಂಡಳಿ ನೋಡಿರಲಿಲ್ಲ. ಕೋರ್ಟು ಹೇಳಿದ್ದು ಸರಿಯಾಗಿತ್ತು. ಜಿಲ್ಲಾ ಕೇಂದ್ರದಿಂದ ನಾಲ್ಕು ಪುಟ ಹೊರತರುವವನಿಂದ ಮಹಾನಗರದ ಪತ್ರಿಕೆಯ ಸಂಬಳ ಕೇಳಿದರೆ ಉಳಿಯುವುದು ಮುಚ್ಚಿದ ಬಾಗಿಲು. ಆದರೆ ಅಂದಿನಿಂದ ಬಂದ ಮಂಡಳಿಗಳೆಲ್ಲ ಪತ್ರಿಕೆಗಳನ್ನು ವಾರ್ಷಿಕ ವರಮಾನದ ಮೇಲೆ ವರ್ಗಗಳಾಗಿ ವಿಂಗಡಿಸಿಯೇ ಶ್ರೇಣಿ ಕೊಟ್ಟಿವೆ. ಸಣ್ಣವರ ಕಷ್ಟವನ್ನು ಮುಂದಿಟ್ಟು ನ್ಯಾಯಾಲಯದ ಮೆಟ್ಟಿಲೇರಿದ್ದು ಹೆಚ್ಚಾಗಿ ದೊಡ್ಡ ಸಂಸ್ಥೆಗಳು ಎಂಬುದನ್ನು ಪ್ರಕರಣಗಳ ಹೆಸರುಗಳೇ ಹೇಳುತ್ತವೆ.

ನನ್ನನ್ನು ಹೆಚ್ಚು ಕಾಡಿದ ಆಕ್ಷೇಪ ಮಾಲೀಕರದಲ್ಲ, ನಮ್ಮವರದೇ. ಪತ್ರಿಕೋದ್ಯಮ ಒಂದು ವ್ರತ. ಅದನ್ನು ಗಂಟೆ, ಪಾಳಿ, ಓವರ್‌ಟೈಮಿನ ಲೆಕ್ಕಕ್ಕೆ ಇಳಿಸಿದರೆ ಅದರ ಘನತೆ ಹೋಗುತ್ತದೆ, ಯೂನಿಯನ್ ಮಾಡುವವನು ಒಳ್ಳೆಯ ವರದಿಗಾರನಾಗಿರಲಾರ ಎಂಬ ಮಾತನ್ನು ನಾನು ಗೌರವಿಸುವ ಹಿರಿಯರೂ ಆಡುತ್ತಿದ್ದರು. ಡಿವಿಜಿ ಅವರ ಆದರ್ಶ ನಮ್ಮ ನಡುವೆ ದೊಡ್ಡದಾಗಿ ನಿಂತಿರುವುದರಿಂದ ಕನ್ನಡದಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ತೂಕ. ಆದರೆ ಡಿವಿಜಿ ತಮ್ಮ ಪತ್ರಿಕೆಯನ್ನು ತಾವೇ ನಡೆಸಿದವರು. ತಮಗೆ ಒಪ್ಪಿಗೆಯಾಗದ್ದನ್ನು ಅಚ್ಚುಹಾಕು ಎಂದು ಅವರಿಗೆ ಆಜ್ಞೆ ಮಾಡುವ ಮಾಲೀಕನಿರಲಿಲ್ಲ. ಅವರ ನಿಷ್ಠುರತೆಯನ್ನು ತಿಂಗಳ ಸಂಬಳದ ಉಪಸಂಪಾದಕನಿಂದ ನಿರೀಕ್ಷಿಸುವವರು ಅವರಿಗಿದ್ದ ಸ್ವಾಯತ್ತತೆಯ ಒಂದು ಅಂಶವನ್ನಾದರೂ ಅವನಿಗೆ ಕೊಡಬೇಕು. ವಕೀಲ, ವೈದ್ಯರ ವೃತ್ತಿಗಳ ಜೊತೆ ಹೋಲಿಸುವುದೂ ಇದೇ ಕಾರಣಕ್ಕೆ ಹೊಂದುವುದಿಲ್ಲ. ವಕೀಲ ಒಬ್ಬ ಕಕ್ಷಿದಾರನನ್ನು ಬಿಟ್ಟರೆ ಇನ್ನೊಬ್ಬ ಬರುತ್ತಾನೆ. ಒಂದು ಭಾಷೆಯಲ್ಲಿ ಬೆರಳೆಣಿಕೆಯ ಪತ್ರಿಕೆಗಳಿರುವಾಗ ಒಂದರಿಂದ ಹೊರಬಿದ್ದ ಪತ್ರಕರ್ತನ ಸುದ್ದಿ ಉಳಿದವುಗಳಿಗೆ ಅವನಿಗಿಂತ ಮೊದಲೇ ತಲುಪಿರುತ್ತದೆ. ವ್ರತ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಆ ವ್ರತವನ್ನು ಪಾಲಿಸುವವನ ಮನೆ ಬಾಡಿಗೆ ಕಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸಂಘದ ಕೆಲಸ. ಅದಕ್ಕೆ ಉತ್ತರವಿಲ್ಲದ ಕಡೆ ವ್ರತ ಎಂಬುದು ಕಡಿಮೆ ಸಂಬಳಕ್ಕೆ ಕೊಟ್ಟ ಸಮಜಾಯಿಷಿಯಾಗಿಬಿಡುತ್ತದೆ.

ಇಷ್ಟೆಲ್ಲ ಗಳಿಸಿದ್ದು ಕೈ ತಪ್ಪಿದ್ದು ಹೇಗೆ ಎಂಬುದು ನನ್ನ ತಲೆಮಾರು ಕಣ್ಣಾರೆ ಕಂಡ ಚರಿತ್ರೆ. ಬಚಾವತ್ ಶಿಫಾರಸುಗಳು 1989ರಲ್ಲಿ, ಮಣಿಸಾನ ಮಂಡಳಿಯ ಶಿಫಾರಸುಗಳು 2000ದಲ್ಲಿ ಜಾರಿಗೆ ಬಂದವು. ಆ ಎರಡರ ನಡುವಿನ ಹತ್ತು ವರ್ಷಗಳಲ್ಲಿ ಪತ್ರಿಕಾ ಕಚೇರಿಗಳು ಸದ್ದಿಲ್ಲದೆ ಬದಲಾದವು. ಕಾಯಂ ಹುದ್ದೆ ಖಾಲಿಯಾದರೆ ಆ ಜಾಗಕ್ಕೆ ಗುತ್ತಿಗೆಯ ಮೇಲೆ ಒಬ್ಬರು ಬರುತ್ತಿದ್ದರು. ಬಂದವರಿಗೆ ಮಂಡಳಿಯ ಶ್ರೇಣಿಗಿಂತ ಕೈಗೆ ಹೆಚ್ಚೇ ಸಿಗುತ್ತಿತ್ತು, ಹೀಗಾಗಿ ಯಾರಿಗೂ ನಷ್ಟ ಎನಿಸಲಿಲ್ಲ. ಗುತ್ತಿಗೆಗೆ ಸಹಿ ಹಾಕಿದವರು ಸಂಘದ ಸಭೆಗೆ ಬರುವುದು ಮೆಲ್ಲಗೆ ನಿಂತಿತು. ಸಂಘದವರೂ ಅವರನ್ನು ತಮ್ಮವರು ಎಂದುಕೊಳ್ಳಲಿಲ್ಲ, ಇದು ಸಂಘಗಳ ದೊಡ್ಡ ತಪ್ಪು. ಎರಡು ಮೂರು ವರ್ಷಕ್ಕೊಮ್ಮೆ ನವೀಕರಣವಾಗಬೇಕಾದ ಗುತ್ತಿಗೆಯಲ್ಲಿ ಇರುವವನು ಆತ್ಮಸಾಕ್ಷಿಯ ಮಾತು ಎತ್ತಿದರೆ ಅವನನ್ನು ತೆಗೆಯಬೇಕಾಗಿಯೇ ಇಲ್ಲ, ನವೀಕರಿಸದಿದ್ದರೆ ಸಾಕು. ಮಜೀಠಿಯಾ ಮಂಡಳಿಯ ಹೊತ್ತಿಗೆ ಈ ಬದಲಾವಣೆ ಪೂರ್ಣವಾಗಿತ್ತು. ಶಿಫಾರಸುಗಳನ್ನು ಸರ್ಕಾರ 2011ರ ನವೆಂಬರ್ 11ರಂದು ಅಧಿಸೂಚನೆಯಲ್ಲಿ ಪ್ರಕಟಿಸಿತು. ಮಾಲೀಕರ ಅರ್ಜಿಗಳನ್ನು ವಜಾ ಮಾಡಿದ ಸುಪ್ರೀಂ ಕೋರ್ಟ್ 2014ರ ಫೆಬ್ರುವರಿ 7ರಂದು ಹಿಂಬಾಕಿಯನ್ನು ಒಂದು ವರ್ಷದೊಳಗೆ ನಾಲ್ಕು ಕಂತುಗಳಲ್ಲಿ ಕೊಡಬೇಕು ಎಂದು ಆದೇಶಿಸಿತು. ಆಗ ಮುಂದೆ ಬಂದದ್ದು ಶಿಫಾರಸಿನ 20(ಜೆ) ಎಂಬ ಕಲಮು. ಈಗಿನ ಸಂಬಳವೇ ಸಾಕು ಎಂದು ನೌಕರ ಬರೆದುಕೊಡಬಹುದು ಎನ್ನುತ್ತಿತ್ತು ಅದು. ದೇಶದುದ್ದಕ್ಕೂ ಪತ್ರಕರ್ತರ ಮುಂದೆ ಒಂದೇ ನಮೂನೆಯ ಮುಚ್ಚಳಿಕೆಗಳು ಬಂದವು: ನನಗೆ ಹೊಸ ಶ್ರೇಣಿ ಬೇಡ, ಇದನ್ನು ಸ್ವಇಚ್ಛೆಯಿಂದ ಬರೆದುಕೊಡುತ್ತಿದ್ದೇನೆ ಎಂಬ ಒಕ್ಕಣೆ, ಕೆಳಗೆ ಸಹಿಗೆ ಜಾಗ.

ಆದೇಶ ಪಾಲನೆಯಾಗಲಿಲ್ಲ ಎಂದು ಸಲ್ಲಿಸಿದ ನ್ಯಾಯಾಂಗ ನಿಂದನೆಯ ಅರ್ಜಿಗಳ ಮೇಲೆ 2017ರ ಜೂನ್ 19ರಂದು ಬಂದ ತೀರ್ಪು ಸಂಘಗಳಿಗೆ ಗೆಲುವೂ ಹೌದು, ಸೋಲೂ ಹೌದು. ಮಂಡಳಿಗಿಂತ ಹೆಚ್ಚು ಸಂಬಳ ಪಡೆಯುತ್ತಿರುವವರನ್ನು ಕಾಪಾಡಲು ಇರುವ ಕಲಮಿನ ಹೆಸರಿನಲ್ಲಿ ಕಡಿಮೆ ಸಂಬಳದವರ ಹಕ್ಕು ಬಿಡಿಸಿಕೊಳ್ಳುವಂತಿಲ್ಲ, ಗುತ್ತಿಗೆಯವರೂ ಶ್ರೇಣಿಗೆ ಅರ್ಹರು ಎಂದು ಕೋರ್ಟ್ ಸ್ಪಷ್ಟವಾಗಿ ಹೇಳಿತು. ಆದರೆ ಉದ್ದೇಶಪೂರ್ವಕ ಅವಿಧೇಯತೆ ಇಲ್ಲ ಎಂದು ಯಾರನ್ನೂ ಶಿಕ್ಷಿಸಲಿಲ್ಲ. ಬಾಕಿ ಬೇಕಾದವರು ಹದಿನೇಳನೆಯ ಕಲಮಿನ ಪ್ರಕಾರ ಕಾರ್ಮಿಕ ಇಲಾಖೆಗೆ, ವಿವಾದವಿದ್ದರೆ ಅಲ್ಲಿಂದ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕು ಎಂದಿತು. ದೇಶದ ಅತ್ಯುನ್ನತ ನ್ಯಾಯಾಲಯ ಎತ್ತಿಹಿಡಿದ ಹಕ್ಕು ಹೀಗೆ ಒಬ್ಬೊಬ್ಬ ನೌಕರನ ಒಂಟಿ ದಾವೆಯಾಗಿ ಚೂರಾಯಿತು. ಕಾಯ್ದೆ ಮೀರಿದ ಮಾಲೀಕನಿಗೆ ಹದಿನೆಂಟನೆಯ ಕಲಮು ವಿಧಿಸುತ್ತಿದ್ದ ದಂಡ ಹೆಚ್ಚೆಂದರೆ 200 ರೂಪಾಯಿ. ಮತ್ತೆ ತಪ್ಪಿದರೆ 500. ಈ ಅಂಕಿಯನ್ನು ದಶಕಗಳ ಕಾಲ ಹೆಚ್ಚಿಸದೆ ಬಿಟ್ಟದ್ದಕ್ಕೆ ಸಂಸತ್ತಿನಷ್ಟೇ, ಅದನ್ನು ಪ್ರತಿ ಅಧಿವೇಶನದಲ್ಲೂ ಬಾಗಿಲು ತಟ್ಟಿ ಕೇಳದ ಸಂಘಗಳೂ ಹೊಣೆ ಎಂದು ನಾನು ಭಾವಿಸುತ್ತೇನೆ.

ಸಂಘಗಳಿಗೆ ಶಕ್ತಿಯೇ ಇರಲಿಲ್ಲವೆಂದೇನೂ ಅಲ್ಲ. ತುರ್ತುಪರಿಸ್ಥಿತಿಯಲ್ಲಿ ಇನ್ನೂರಕ್ಕೂ ಹೆಚ್ಚು ಪತ್ರಕರ್ತರು ಬಂಧನಕ್ಕೊಳಗಾದರು, ಪತ್ರಿಕಾ ಮಂಡಳಿಯನ್ನೇ ಮುಚ್ಚಲಾಯಿತು. ಆ ಅನುಭವ ಮುಂದಿನ ವರ್ಷಗಳಲ್ಲಿ ವೃತ್ತಿಗೆ ಎಚ್ಚರ ಕೊಟ್ಟಿತು. 1982ರಲ್ಲಿ ಬಿಹಾರ ಸರ್ಕಾರ ಪತ್ರಿಕಾ ಮಸೂದೆ ತಂದಾಗ ಸೆಪ್ಟೆಂಬರ್ 3ರಂದು ದೇಶದಾದ್ಯಂತ ಪತ್ರಕರ್ತರು ಮುಷ್ಕರ ಹೂಡಿದರು, ಮರುವರ್ಷ ಮಸೂದೆ ಹಿಂದಕ್ಕೆ ಹೋಯಿತು. 1988ರ ಮಾನನಷ್ಟ ಮಸೂದೆಯನ್ನು ಕೇಂದ್ರ ಸರ್ಕಾರ ಕೆಲವೇ ವಾರಗಳಲ್ಲಿ ಕೈಬಿಡಬೇಕಾಯಿತು. ಈ ಎರಡು ಹೋರಾಟಗಳಲ್ಲಿ ಸಂಪಾದಕರು, ಮಾಲೀಕರು, ನೌಕರರು ಒಂದೇ ಸಾಲಿನಲ್ಲಿದ್ದರು. ಸರ್ಕಾರ ಎದುರಾಳಿಯಾದಾಗ ಒಂದಾಗುವುದು ನಮಗೆ ಸುಲಭ. ಎದುರಾಳಿ ಸಂಬಳ ಕೊಡುವವನೇ ಆದಾಗ ಆ ಒಗ್ಗಟ್ಟು ಕಾಣಲಿಲ್ಲ. 1972ರಲ್ಲಿ ಒಕ್ಕೂಟ ಒಡೆದು ನ್ಯಾಷನಲ್ ಯೂನಿಯನ್ ಆಫ್ ಜರ್ನಲಿಸ್ಟ್ಸ್ ಹುಟ್ಟಿತು. 1990ರ ಹೊತ್ತಿಗೆ ಇಂಡಿಯನ್ ಜರ್ನಲಿಸ್ಟ್ಸ್ ಯೂನಿಯನ್ ಬೇರೆಯಾಯಿತು. ಆಮೇಲೆ ರಾಜ್ಯ, ಜಿಲ್ಲೆಗಳವರೆಗೂ ಒಡಕು ಇಳಿಯಿತು. ರಾಜಕೀಯ ಒಲವು, ನಾಯಕರ ನಡುವಿನ ಮನಸ್ತಾಪ, ಚುನಾವಣೆಯ ತಕರಾರು ಎಂದು ಕಾರಣಗಳನ್ನು ಹೇಳಬಹುದು. ಆದರೆ ಗುತ್ತಿಗೆ ಪದ್ಧತಿ ಕಚೇರಿಗಳನ್ನು ನುಂಗುತ್ತಿದ್ದ ಅದೇ ವರ್ಷಗಳಲ್ಲಿ ಮಾತುಕತೆಯ ಮೇಜಿಗೆ ನಾಲ್ಕು ಕಡೆಯವರು ನಾಲ್ಕು ಪತ್ರ ಹಿಡಿದು ಹೋಗುತ್ತಿದ್ದರು ಎಂಬುದು ಯಾವ ಕಾರಣದಿಂದಲೂ ಸಮರ್ಥನೆ ಪಡೆಯದ ಸಂಗತಿ.

ಹೀಗೆ ಮಾಲೀಕನಿಂದ ಕೇಳುವ ಶಕ್ತಿ ಕುಂದಿದಂತೆಲ್ಲ ಸರ್ಕಾರದಿಂದ ಬೇಡುವ ಅಭ್ಯಾಸ ಬೆಳೆಯಿತು. ತಾಲ್ಲೂಕು ಮಟ್ಟದ ಅರೆಕಾಲಿಕ ವರದಿಗಾರನನ್ನು ಹತ್ತಿರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. ಸುದ್ದಿಯನ್ನು ಕವರಿನಲ್ಲಿ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ ಕಾಲದಿಂದ ಮೊಬೈಲಿನಲ್ಲಿ ವಿಡಿಯೊ ಸಮೇತ ಕಳಿಸುವ ಈ ಕಾಲದವರೆಗೂ ಅವನ ಲೆಕ್ಕ ಹೆಚ್ಚು ಬದಲಾಗಿಲ್ಲ. ಪ್ರಕಟವಾದ ಸುದ್ದಿಗಳನ್ನು ಕತ್ತರಿಸಿ ಹಾಳೆಗೆ ಅಂಟಿಸಿ, ಕಾಲಂ ಲೆಕ್ಕದಲ್ಲಿ ಅಳೆದು ತಿಂಗಳ ಕೊನೆಗೆ ಕಳಿಸಿದರೆ ಬರುವ ಹಣ ಪೆಟ್ರೋಲಿಗೂ ಸಾಲದು. ಉಳಿದದ್ದನ್ನು ಜಾಹೀರಾತು ತಂದು ಅದರ ಕಮಿಷನ್‌ನಿಂದ ಹೊಂದಿಸಿಕೊಳ್ಳಬೇಕು. ಯಾರ ಅಕ್ರಮದ ಬಗ್ಗೆ ಬರೆಯಬೇಕೋ ಅವರ ಹುಟ್ಟುಹಬ್ಬದ ಜಾಹೀರಾತನ್ನೂ ಅವನೇ ಕೇಳಬೇಕು. ಕಾಯ್ದೆ 1981ರ ತಿದ್ದುಪಡಿಯಲ್ಲೇ ಅರೆಕಾಲಿಕರನ್ನೂ ಪತ್ರಕರ್ತರೆಂದು ಒಪ್ಪಿತ್ತು, ಆದರೆ ಅದರ ಫಲ ಅವನವರೆಗೆ ತಲುಪಿದ್ದು ತೀರ ವಿರಳ. ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಕೊಡಬೇಕು ಎಂದು ನಮ್ಮ ರಾಜ್ಯದಲ್ಲಿ ಸಂಘ ವರ್ಷಗಟ್ಟಲೆ ಒತ್ತಾಯಿಸಿ ಸರ್ಕಾರವನ್ನು ಒಪ್ಪಿಸಿದೆ. ಅಂಥವನಿಗೆ ಇವತ್ತೇ ಬೇಕಾದ ಪಾಸನ್ನು ತತ್ವದ ಹೆಸರಿನಲ್ಲಿ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಆದರೂ ಕೇಳಲೇಬೇಕಾದ ಮಾತಿದೆ. ವರದಿಗೆ ಹೋಗುವ ಬಸ್ಸಿನ ಖರ್ಚು ಪತ್ರಿಕೆಯ ಖರ್ಚು. ಅದನ್ನು ಸರ್ಕಾರ ಕೊಟ್ಟರೆ ಉಳಿತಾಯವಾಗುವುದು ಪತ್ರಿಕೆಗೆ, ಋಣ ಹೊರುವುದು ವರದಿಗಾರ. ನಿವೇಶನ, ಪಿಂಚಣಿ, ಮಾನ್ಯತಾ ಪತ್ರ ಇವುಗಳಿಗೂ ಇದೇ ಮಾತು ಹೊಂದುತ್ತದೆ. ವೇತನ ಮಂಡಳಿಯ ಶ್ರೇಣಿ ಕಾನೂನಿನ ಹಕ್ಕಾಗಿತ್ತು, ಯಾವ ಮಂತ್ರಿ ಮುನಿಸಿಕೊಂಡರೂ ಅದನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಸೌಲಭ್ಯವನ್ನು ಒಂದು ಸುತ್ತೋಲೆಯಿಂದ ನಿಲ್ಲಿಸಬಹುದು.

ಈ ಸಂಘಗಳ ಕಾಲ ಮುಗಿಯಿತು ಎನ್ನುವವರು ಈಗ ಬಹಳ. ಟಿವಿ, ಯೂಟ್ಯೂಬ್, ಸುದ್ದಿ ಜಾಲತಾಣಗಳಲ್ಲಿ ದುಡಿಯುವ ಯುವಕರಿಗೆ ಒಬ್ಬ ಮಾಲೀಕನೇ ಇಲ್ಲ, ಹಲವರು ಸ್ವತಂತ್ರರು, ಇವರನ್ನು ಹಳೆಯ ಯೂನಿಯನ್ನಿನ ಚೌಕಟ್ಟಿಗೆ ತರಲಾಗದು ಎಂಬುದು ಅವರ ವಾದ. ಅರ್ಧ ನಿಜ. ಹಳೆಯ ಚೌಕಟ್ಟು ಎಲ್ಲರನ್ನೂ ಒಳಗೊಂಡದ್ದೂ ಆಗಿರಲಿಲ್ಲ. ಪದಾಧಿಕಾರಿಗಳ ಪಟ್ಟಿಯಲ್ಲಿ ಮಹಿಳೆಯರು ಅಪರೂಪ, ರಾತ್ರಿ ಪಾಳಿ ಮುಗಿಸಿದ ಮಹಿಳೆ ಮನೆ ಸೇರುವುದು ಹೇಗೆ ಎಂಬುದು ಬೇಡಿಕೆಗಳ ಪಟ್ಟಿಯಲ್ಲಿ ಬಹುಕಾಲ ಬರಲಿಲ್ಲ. 2002ರಲ್ಲಿ ಹುಟ್ಟಿದ ನೆಟ್‌ವರ್ಕ್ ಆಫ್ ವಿಮೆನ್ ಇನ್ ಮೀಡಿಯಾ, ಅದರ ಸಂಸ್ಥಾಪಕರಲ್ಲೊಬ್ಬರಾದ ಬೆಂಗಳೂರಿನ ಅಮ್ಮು ಜೋಸೆಫ್ ಅವರಂಥವರ ಬರಹಗಳು ಆ ಕೊರತೆಯನ್ನು ಎತ್ತಿ ತೋರಿಸಿದವು. ಆದರೆ 2020ರ ಕೋವಿಡ್ ದಿನಗಳಲ್ಲಿ ಸಂಬಳ ಕಡಿತ, ಕಡ್ಡಾಯ ರಾಜೀನಾಮೆಗಳು ಶುರುವಾದಾಗ ಸುಪ್ರೀಂ ಕೋರ್ಟಿಗೆ ಹೋದದ್ದು ದೆಹಲಿ, ಮುಂಬೈಗಳ ಹಳೆಯ ಯೂನಿಯನ್‌ಗಳೇ. ಒಂಟಿಯಾಗಿ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಕೆಲಸ ಕಳೆದುಕೊಂಡವನಿಗೆ ತನ್ನ ಹೆಸರಿನಲ್ಲಿ ಅರ್ಜಿ ಹಾಕುವ ಧೈರ್ಯವಾಗಲಿ ದುಡ್ಡಾಗಲಿ ಇರಲಿಲ್ಲ.

ಈಗ ಕಾಯ್ದೆಯೇ ಬದಲಾಗಿದೆ. 1955ರ ಕಾಯ್ದೆ, ಪತ್ರಕರ್ತರ ವೇತನ ನಿಗದಿಗೆಂದು ಬಂದ 1958ರ ಕಾಯ್ದೆ ಎರಡನ್ನೂ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯಲ್ಲಿ ಕರಗಿಸಲಾಗಿದ್ದು, ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. 144 ಗಂಟೆಯ ಮಿತಿ ಉಳಿದಿದೆ. ಟಿವಿ ಮತ್ತು ಡಿಜಿಟಲ್ ಮಾಧ್ಯಮದವರೂ ಕಾರ್ಯನಿರತ ಪತ್ರಕರ್ತರೇ ಎಂದು ವ್ಯಾಖ್ಯೆ ಹಿಗ್ಗಿದೆ. ಸಂಘಗಳು ಬಹುಕಾಲದಿಂದ ಕೇಳುತ್ತಿದ್ದುದು ಇದು, ಇದನ್ನು ಸಂತೋಷದಿಂದ ಸ್ವಾಗತಿಸಬೇಕು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಪತ್ರಕರ್ತನಿಗೆ ಐದರ ಬದಲು ಮೂರು ವರ್ಷಕ್ಕೆ ಗ್ರಾಚ್ಯುಟಿ ಎಂಬ ರಿಯಾಯಿತಿಯೂ ಇದೆ. ಇಲ್ಲದಿರುವುದು ವೇತನ ಮಂಡಳಿ. ದಿವಾಟಿಯಾರಿಂದ ಮಜೀಠಿಯಾವರೆಗೆ ಅರ್ಧ ಶತಮಾನಕ್ಕೂ ಮೀರಿ ನಡೆದ ಆ ವ್ಯವಸ್ಥೆಗೆ ಹೊಸ ಕಾನೂನಿನಲ್ಲಿ ಜಾಗವಿಲ್ಲ. ಇನ್ನು ಮುಂದೆ ಸಂಬಳದ ಪ್ರಶ್ನೆ ಸಂಸ್ಥೆ ಸಂಸ್ಥೆಯ ಬಾಗಿಲಲ್ಲಿ ತೀರ್ಮಾನವಾಗಬೇಕು. ಅಂದರೆ ಮಾತುಕತೆ ನಡೆಸಬಲ್ಲ ಸಂಘ 1950ಕ್ಕಿಂತಲೂ ಇವತ್ತು ಹೆಚ್ಚು ಬೇಕು. ಅರೆಕಾಲಿಕ ವರದಿಗಾರನ ಕನಿಷ್ಠ ದರ, ಗುತ್ತಿಗೆ ನವೀಕರಿಸದಿದ್ದರೆ ಲಿಖಿತ ಕಾರಣ, ಹಳೆಯ ಕಾಯ್ದೆಯ ಹದಿನೇಳನೆಯ ಕಲಮಿನಡಿ ಇನ್ನೂ ಉಳಿದಿರುವ ಹಿಂಬಾಕಿ ದಾವೆಗಳಿಗೆ ವಕೀಲರ ಖರ್ಚು, ಮಾಲೀಕರ ಧೋರಣೆ ಒಪ್ಪದೆ ಹೊರಬಂದವರಿಗೆ ಕೆಲವು ತಿಂಗಳ ನಿಧಿ: ಒಡೆದು ಹೋದ ಒಕ್ಕೂಟಗಳು ಒಂದೇ ಪತ್ರದಲ್ಲಿ ಸಹಿ ಹಾಕಲು ಇಷ್ಟು ವಿಷಯಗಳು ಸಾಕು. ಸಂಹಿತೆಯಡಿ ರಾಜ್ಯಗಳು ತಮ್ಮ ತಮ್ಮ ನಿಯಮಗಳನ್ನು ರೂಪಿಸುವ ಅವಕಾಶವಿದೆ. ಬೆಂಗಳೂರಿನ ಕಾರ್ಮಿಕ ಇಲಾಖೆಗೆ ಕೈಗಾರಿಕಾ ಸಂಘಟನೆಗಳ ಸಲಹೆಗಳು ಹೋಗುವ ಹೊತ್ತಿಗೆ, ರಾತ್ರಿ ಪಾಳಿಯ ಐದೂವರೆ ಗಂಟೆಯನ್ನು ನಿಯಮದೊಳಗೆ ಉಳಿಸಬೇಕೆಂದು ಕೇಳುವ ಪತ್ರ ಪತ್ರಕರ್ತರ ಕಡೆಯಿಂದಲೂ ಅದೇ ಕಡತಕ್ಕೆ ಹೋಗಿ ಸೇರಬೇಕು.